ಮನಾಲಿಯಲ್ಲಿ ಹಿಮ ಬಿದ್ದರೂ ನೆಲ ಬಿಳಿಯಾಗದ್ದು ಯಾಕೆ? ಕಾಸರಗೋಡಿನಿಂದ ಹೊರಡುವವರಿಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಹಿಮ ನೋಡಲು ಹೊರಡುವವರಲ್ಲಿ ಹೆಚ್ಚಿನವರು ಮಕ್ಕಳ ಕ್ರಿಸ್‌ಮಸ್ ರಜೆ ನೋಡಿ ಟಿಕೆಟ್ ಮಾಡುತ್ತಾರೆ. ನಿರಾಶೆಗೆ ಬೀಜ ಬೀಳುವುದು ಅಲ್ಲೇ. ಡಿಸೆಂಬರ್ ಕೊನೆಗೆ ಮನಾಲಿ ಪೇಟೆಯಲ್ಲಿ ಹಿಮ ಬೀಳಲೂಬಹುದು, ಎರಡು ಮೂರು ಗಂಟೆ ಬಿಡದೆ ಬೀಳಲೂಬಹುದು. ಆದರೆ ರಸ್ತೆಗಿಳಿದರೆ ಕಾಲಿಗೆ ಸಿಗುವುದು ಒದ್ದೆ ಡಾಂಬರು ಮತ್ತು ಕೆಸರು. ಪ್ಯಾಕೇಜ್ ಮಾರುವವರ ‘ಸ್ನೋಫಾಲ್ ಗ್ಯಾರಂಟಿ’ಯನ್ನು ನಂಬಬೇಡಿ. ಹಿಮ ಬೀಳುತ್ತದೆ ಎಂಬುದಕ್ಕೇ ಯಾರೂ ಖಾತರಿ ಕೊಡಲಾರರು. ಬಿದ್ದದ್ದು ನೆಲದ ಮೇಲೆ ನಿಲ್ಲುತ್ತದೆ ಎಂಬುದಕ್ಕಂತೂ ಖಂಡಿತ ಇಲ್ಲ.

ಹಿಮ ಬೀಳಲು ಗಾಳಿ ಸೊನ್ನೆ ಡಿಗ್ರಿಗೆ ಇಳಿಯಲೇಬೇಕೆಂದಿಲ್ಲ. ಗಾಳಿ ಒಣಗಿದ್ದರೆ 2–3 ಡಿಗ್ರಿಯಲ್ಲೂ ಹಿಮದ ಎಸಳು ಕೆಳಗೆ ತಲಪುತ್ತದೆ, ಯಾಕೆಂದರೆ ಬೀಳುವ ದಾರಿಯಲ್ಲಿ ಅದರ ತೇವ ಸ್ವಲ್ಪ ಸ್ವಲ್ಪವೇ ಆವಿಯಾಗಿ ಎಸಳನ್ನು ತಣ್ಣಗಿಡುತ್ತದೆ. ನೆಲದ ಲೆಕ್ಕ ಬೇರೆ. ನಮ್ಮಲ್ಲಿ ಅಡಕೆ ಒಣಗಿಸುವ ಸಿಮೆಂಟ್ ಅಂಗಳ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಅಂಗಾಲಿಗೆ ಬೆಚ್ಚಗೆ ತಾಗುತ್ತದೆ, ಪಕ್ಕದ ಹುಲ್ಲು ಆಗಲೇ ತಣ್ಣಗಾಗಿರುತ್ತದೆ. ಮನಾಲಿಯ ಡಾಂಬರು, ಕಾಂಕ್ರೀಟು ಮಾಡುವುದೂ ಅದನ್ನೇ. ಅದಲ್ಲದೆ ಡಿಸೆಂಬರಿನಲ್ಲಿ ಹಿಂದಿನ ತಿಂಗಳುಗಳ ಬಿಸಿಲಿನ ಶಾಖ ಮಣ್ಣಿನೊಳಗೆ ಇನ್ನೂ ಉಳಿದಿರುತ್ತದೆ.

ಒಂದು ಕಿಲೋ ಹಿಮ ಕರಗಲು 334 ಕಿಲೋಜೂಲ್ ಶಾಖ ಬೇಕು. ಗಂಟೆಗೆ ಒಂದು ಸೆಂಟಿಮೀಟರ್ ಹಿಮ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಕರಗಿದರೆ ಅದು ಸುಮಾರು ಒಂದು ಮಿಲಿಮೀಟರ್ ನೀರು, ಅಂದರೆ ಚದರ ಮೀಟರಿಗೆ ಒಂದು ಕಿಲೋ. ಅಷ್ಟನ್ನೂ ಬಿದ್ದ ಹಾಗೆಯೇ ಕರಗಿಸಲು ಚದರ ಮೀಟರಿಗೆ 93 ವ್ಯಾಟ್ ಶಾಖ ಒದಗಿದರೆ ಸಾಕು. ಹಗಲು ಮೋಡ ಕವಿದಿದ್ದರೂ ಕಪ್ಪು ಡಾಂಬರಿಗೆ ಬೆಳಕಿನಿಂದಲೇ ಇಷ್ಟು ಸಿಗಬಹುದು, ಮಾರ್ಚಿನಲ್ಲಂತೂ ಸಲೀಸಾಗಿ ಸಿಗುತ್ತದೆ. ರಾತ್ರಿ ಈ ಪೂರೈಕೆ ಇಲ್ಲ. ಆದ್ದರಿಂದಲೇ ಮಧ್ಯಾಹ್ನ ನೀರಾಗಿ ಹರಿದುಹೋಗುವಷ್ಟೇ ಹಿಮ ಬೆಳಗಿನ ಜಾವ ಬಿದ್ದರೆ ಹಾಸಿಕೊಂಡು ನಿಲ್ಲುತ್ತದೆ. ಜೋರಾಗಿ ಬಿದ್ದರೂ ಹಾಗೆಯೇ: ಕರಗುವ ವೇಗವನ್ನು ಮೀರಿ ಒಮ್ಮೆ ಬಿಳಿ ಪದರ ಹಿಡಿಯಿತೆಂದರೆ, ಹೊಸ ಹಿಮ ಬೆಳಕಿನ ಶೇ. 80–90ರಷ್ಟನ್ನು ವಾಪಸು ಕಳಿಸುವುದರಿಂದ ಕೆಳಗಿನ ನೆಲ ಮತ್ತೆ ಕಾಯುವುದಿಲ್ಲ. ದಿನವಿಡೀ ಹಗುರವಾಗಿ ಉದುರುವ ಹಿಮಕ್ಕಿಂತ ಒಂದೇ ಗಂಟೆ ರಭಸದಿಂದ ಬೀಳುವ ಹಿಮ ಪ್ರವಾಸಿಗರಿಗೆ ಒಳ್ಳೆಯದು.

ಮನಾಲಿಯಲ್ಲಿ ಪಶ್ಚಿಮದ ಹವಾಮಾನ ಕ್ಷೋಭೆ (ಚಳಿಗಾಲದಲ್ಲಿ ಪಶ್ಚಿಮದಿಂದ ಬಂದು ಮಳೆ-ಹಿಮ ತರುವ ಹವೆ) ಬಂದಾಗ ಎಷ್ಟೋ ಸಲ ಮೊದಲು ಮಳೆ, ಆಮೇಲೆ ಮಳೆ-ಹಿಮ ಬೆರಕೆ, ಕೊನೆಗೆ ಹಿಮ. ಮಳೆಗೆ ಒದ್ದೆಯಾದ ನೆಲದ ಮೇಲೆ ಮೊದಲ ಎಸಳುಗಳು ಉಳಿಯುವುದಿಲ್ಲ, ಆದರೆ ಅವು ವ್ಯರ್ಥವೂ ಅಲ್ಲ. ಕರಗುವ ಪ್ರತಿ ಎಸಳೂ ಗಾಳಿ ಮತ್ತು ನೆಲದಿಂದ ಶಾಖ ಕಿತ್ತುಕೊಳ್ಳುತ್ತದೆ. ಮೊದಲ ಒಂದೆರಡು ಗಂಟೆ ನೀರಾದರೆ ರೂಮಿಗೆ ಹೋಗಿ ಮಲಗಬೇಡಿ. ಸುತ್ತ ಏನು ಮೊದಲು ಬಿಳಿಯಾಗುತ್ತದೆ ಎಂದು ನೋಡುತ್ತಿರಿ: ನಿಂತ ಕಾರಿನ ಛಾವಣಿ, ತಗಡಿನ ಮಾಡು, ಕಟ್ಟಿಗೆ ರಾಶಿ, ಒಣಹುಲ್ಲು, ಸೇಬಿನ ತೋಟದ ಮಣ್ಣು, ಎಲ್ಲಕ್ಕಿಂತ ಕೊನೆಗೆ ರಸ್ತೆ. ಹುಲ್ಲು ಬಿಳಿಯಾಗತೊಡಗಿ ಕತ್ತಲಾಗುತ್ತಿದ್ದರೆ ಮರುದಿನ ಬೆಳಗ್ಗೆ ಆಸೆ ಇಟ್ಟುಕೊಳ್ಳಬಹುದು. ಹಿಡಿಂಬಾ ದೇವಸ್ಥಾನದ ದೇವದಾರು ಮರಗಳ ಬುಡ ನೋಡಿ ತೀರ್ಮಾನಿಸಬೇಡಿ. ಅಲ್ಲಿ ಹಿಮವನ್ನು ಕೊಂಬೆಗಳೇ ಹಿಡಿದುಕೊಂಡಿರುತ್ತವೆ.

ಇದೇ ಕಾರಣಕ್ಕೆ ರೂಮಿನ ವಿಷಯದಲ್ಲಿ ಜಾಗ್ರತೆ ಬೇಕು. ‘ಸ್ನೋ ವ್ಯೂ’ ಎಂದು ಎರಡು ಪಟ್ಟು ಬಾಡಿಗೆ ಹೇಳುವವರು ಕಳಿಸುವ ಫೋಟೊ ಬಿಳಿ ಛಾವಣಿಯದ್ದಾಗಿರುತ್ತದೆ. ಛಾವಣಿ ಮೂರು ಡಿಗ್ರಿ ಗಾಳಿಯಲ್ಲೂ ಬಿಳಿಯಾದೀತು, ಅದರಿಂದ ನೆಲದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬಾಗಿಲೆದುರಿನ ರಸ್ತೆಯ ವೀಡಿಯೊ, ಆ ದಿನದ್ದೇ, ಮಧ್ಯಾಹ್ನ ಎರಡು ಗಂಟೆಗೆ ತೆಗೆದದ್ದು ಕೇಳಿ. ಕೊಡದಿದ್ದರೆ ಸಾಧಾರಣ ರೂಮಿನ ಬಾಡಿಗೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಮನಾಲಿಯಿಂದ ಮೇಲಿರುವ ಸೋಲಂಗ್ ಕಣಿವೆಯ ದಾರಿಯಲ್ಲಿ ಟ್ಯಾಕ್ಸಿಯವರು ಕೋಟು-ಬೂಟಿನ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಮೇಲೆ ನೆಲ ಬಿಳಿ ಇದೆಯೇ ಎಂದು ಕೆಳಗಿಳಿಯುತ್ತಿರುವ ಗಾಡಿಯವರನ್ನು ವಿಚಾರಿಸದೆ ಬಾಡಿಗೆಗೆ ಪಡೆಯಬೇಡಿ. ಬೂಟು ಪಡೆಯುವುದಾದರೆ ಅಡಿ ತಿರುಗಿಸಿ ನೋಡಿ, ಸವೆದು ನುಣ್ಣಗಾದವೇ ಹೆಚ್ಚು.

ಎತ್ತರ ಮಾತ್ರ ಮೋಸ ಮಾಡುವುದು ಕಡಿಮೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬುದು ಸಾಧಾರಣ ಲೆಕ್ಕ. ಮನಾಲಿ ಸುಮಾರು 2,050 ಮೀಟರ್, ಸೋಲಂಗ್ ಸುಮಾರು 2,500, ಅಟಲ್ ಸುರಂಗದಾಚೆಯ ಸಿಸ್ಸು ಸುಮಾರು 3,100. ಪೇಟೆಯಲ್ಲಿ 3 ಡಿಗ್ರಿ ಇದ್ದು ಎಲ್ಲ ಕರಗುತ್ತಿರುವಾಗ ಸಿಸ್ಸುವಿನಲ್ಲಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುವ ಸಾಧ್ಯತೆ ಹೆಚ್ಚು. 2020ರ ಅಕ್ಟೋಬರಿನಲ್ಲಿ ತೆರೆದ ಈ 9.02 ಕಿ.ಮೀ. ಸುರಂಗದಿಂದ ಸಿಸ್ಸು ಒಂದು ದಿನದಲ್ಲಿ ಹೋಗಿಬರುವ ಜಾಗವಾಗಿದೆ. ಜೋರಾಗಿ ಹಿಮ ಬಿದ್ದ ದಿನ ಸುರಂಗಕ್ಕೆ ಫೋರ್‌ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿಗಳನ್ನು ಮಾತ್ರ ಬಿಡುತ್ತಾರೆ, ಕೆಲವೊಮ್ಮೆ ಅವನ್ನೂ ಬಿಡುವುದಿಲ್ಲ. ಅದಕ್ಕೇ ಕೈಯಲ್ಲಿ ಒಂದು ದಿನ ಹೆಚ್ಚುವರಿ ಇರಲಿ. ಮನಾಲಿ ಪೇಟೆಯ ನಡುವಿನ ಮಾಲ್ ರೋಡಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಜನಜಂಗುಳಿ ಇಷ್ಟಪಡುವವರು ಹೋಗಬಹುದು.

ಊಟಕ್ಕೆ ‘ಸೌತ್ ಇಂಡಿಯನ್’ ಬೋರ್ಡು ಹುಡುಕುತ್ತಾ ಚಳಿಯಲ್ಲಿ ಅಲೆಯುವುದು ಬೇಡ. ಹಳೇ ಮನಾಲಿ, ವಶಿಷ್ಠದ ಕಡೆಯ ಸಣ್ಣ ಅಂಗಡಿಗಳಲ್ಲಿ ಸಿಡ್ಡು ಸಿಗುತ್ತದೆ. ಗೋಧಿ ಹಿಟ್ಟನ್ನು ಈಸ್ಟ್ ಹಾಕಿ ಕಲಸಿ, ಉಬ್ಬಲು ಬಿಟ್ಟು, ಒಳಗೆ ಅಕ್ರೋಟು, ಗಸಗಸೆ ಅಥವಾ ಉದ್ದಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಮುರಿದು ತುಪ್ಪ ಸುರಿದು, ಹಸಿರು ಚಟ್ನಿ ಜೊತೆ ತಿನ್ನಬೇಕು. ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ, ಮೈಯೂ ಬೆಚ್ಚಗಿರುತ್ತದೆ. ಮೊದಲೇ ಬೇಯಿಸಿಟ್ಟು ತಣಿದದ್ದನ್ನು ಮತ್ತೆ ಬಿಸಿ ಮಾಡಿ ಕೊಟ್ಟರೆ ರಬ್ಬರಿನಂತಾಗುತ್ತದೆ; ಹೊಸ ಹಬೆಗೆ ಇಪ್ಪತ್ತು ನಿಮಿಷ ಕಾಯಲು ತಯಾರಿದ್ದೇವೆ ಎಂದು ಮೊದಲೇ ಹೇಳಿ. ಬೆಲೆ ಮಾಲ್ ರೋಡಿನ ಹೋಟೆಲಿನ ಒಂದು ಪ್ಲೇಟ್ ನೂಡಲ್ಸಿಗಿಂತ ಕಡಿಮೆ. ಈ ಸಣ್ಣ ಅಂಗಡಿಗಳ ರಾಜ್ಮಾ-ಅನ್ನವೂ ನಂಬಬಹುದಾದ ಊಟ.

ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ನಿಜಾಮುದ್ದೀನ್‌ನಲ್ಲಿ ಇಳಿದ ದಿನ ಸಂಜೆಗೇ ಮನಾಲಿ ಬಸ್ಸು ಹಿಡಿಯಬೇಡಿ. ಉತ್ತರದ ಚಳಿಗಾಲದ ದಟ್ಟ ಮಂಜಿನಲ್ಲಿ ರೈಲು ಗಂಟೆಗಟ್ಟಲೆ ತಡವಾಗುವುದುಂಟು. ಹಿಮ ಹೆಚ್ಚಾದ ದಿನ ದೊಡ್ಡ ಬಸ್ಸುಗಳು ಮನಾಲಿವರೆಗೆ ಏರದೆ ಪತ್ಲಿಕುಹಲ್‌ನಲ್ಲೋ ಕುಲ್ಲುವಿನಲ್ಲೋ ಇಳಿಸಿಬಿಡುತ್ತವೆ, ಮುಂದಿನ ಟ್ಯಾಕ್ಸಿಗೆ ಬಾಯಿಗೆ ಬಂದ ರೇಟು. ಆ ಹಣ ಬೇರೆ ಇಟ್ಟುಕೊಂಡೇ ಹೊರಡಿ.

ಬಿದ್ದ ಹಿಮ ಕರಗುತ್ತಿರುವ ಪೇಟೆ, ಹಿಮ ಹಾಸಿಕೊಂಡ ಪೇಟೆಗಿಂತ ಕಾಲಿಗೆ ಕಷ್ಟ. ಅರೆಕರಗಿದ ಹಿಮದಲ್ಲಿ ಬಟ್ಟೆಯ ಸ್ಪೋರ್ಟ್ಸ್ ಶೂ ಕೂಡಲೇ ಒದ್ದೆಯಾಗುತ್ತದೆ. ನೀರು ಒಳಗಿಳಿಯದ, ಅಡಿ ಒರಟಾದ ಶೂ, ಎರಡು ಜೊತೆ ಉಣ್ಣೆ ಕಾಲುಚೀಲ, ಮತ್ತೆ ನಮ್ಮ ಕೊಡೆ ಬೇಕು. ಒದ್ದೆ ಹಿಮ ಜಾಕೆಟಿನ ಮೇಲೆ ಬಿದ್ದು ಮಳೆಯಷ್ಟೇ ನೆನೆಸುತ್ತದೆ. ಹಗಲು ಕರಗಿದ್ದು ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ, ಬೆಳಗ್ಗೆ ಒಂಬತ್ತರವರೆಗೆ ಇಳಿಜಾರು ರಸ್ತೆಯಲ್ಲಿ ಹಿರಿಯರನ್ನು ನಡೆಸಬೇಡಿ.

ರಜೆ ಸಿಗುವುದಾದರೆ ಜನವರಿ ನಡುವಿನಿಂದ ಫೆಬ್ರವರಿ ನಡುವಿನವರೆಗಿನ ದಿನಗಳೇ ವಾಸಿ, ಗಣರಾಜ್ಯೋತ್ಸವದ ಆಸುಪಾಸು ಬಿಟ್ಟು. ಆಗ ನೆಲ ತಣಿದಿರುತ್ತದೆ, ಹಗಲೂ ಇನ್ನೂ ಚಿಕ್ಕದು. ಕ್ರಿಸ್‌ಮಸ್ ರಜೆಯಲ್ಲೇ ಹೋಗಬೇಕಾದರೆ ಸಿಸ್ಸುವಿಗೆ ಎರಡು ಬೆಳಗು ಮೀಸಲಿಡಿ. ಅಷ್ಟು ದೂರ ಆಗದವರಿಗೆ ಊಟಿ ಉಂಟು. ತಲೈಕುಂದಾದ ಹುಲ್ಲುಗಾವಲಿನಲ್ಲಿ ಡಿಸೆಂಬರ್-ಜನವರಿಯ ಮೋಡವಿಲ್ಲದ ರಾತ್ರಿಗಳ ಮರುದಿನ ಕಾಣುವ ಬಿಳುಪು ಆಕಾಶದಿಂದ ಬಿದ್ದ ಹಿಮವಲ್ಲ, ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿದ ತೇವ. ಅಲ್ಲೂ ಡಾಂಬರು ಕಪ್ಪಗೇ ಇರುತ್ತದೆ. ಬಿಸಿಲು ತಾಗಿದ ಕೂಡಲೇ ಹುಲ್ಲಿನದ್ದೂ ಮಾಯ, ಆದ್ದರಿಂದ ಏಳು ಗಂಟೆಯೊಳಗೆ ಅಲ್ಲಿರಿ.