ಉಗ್ರವಾಗಿ ಖಂಡಿಸುತ್ತದೆ

2003ರ ಮಾರ್ಚ್ ಕೊನೆ. ಕಾರವಾರದ ನಮ್ಮ ಕಾಲೇಜಿನಲ್ಲಿ ಶನಿವಾರ ಅಣಕು ವಿಧಾನಸಭೆ, ನಾನು ವಿರೋಧ ಪಕ್ಷದ ನಾಯಕ. ಇರಾಕ್ ಯುದ್ಧ ಸುರುವಾಗಿ ವಾರ ಕಳೆದಿತ್ತು. ಗುರುವಾರ ಅವರ್ಸಾದಿಂದ ಬಸ್ಸಿನಲ್ಲಿ ಬರುತ್ತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಿರ್ಣಯ ಗೀಚಿದೆ: 'ಅಮೆರಿಕದ ದಾಳಿಯನ್ನು ಈ ಸದನ ಖಂಡಿಸುತ್ತದೆ.' ಅರ್ಗಾದ ಹತ್ತಿರ ಸೀಬರ್ಡ್ ನೌಕಾನೆಲೆಯ ಕೆಲಸದ ಲಾರಿಗಳಿಗೆ ದಾರಿ ಬಿಡಲು ಬಸ್ಸು ನಿಂತಾಗ 'ಉಗ್ರವಾಗಿ' ಎಂದು ಸೇರಿಸಿದೆ. ಆ ನೌಕಾನೆಲೆಗಾಗಿ ಮನೆ ಬಿಟ್ಟು ಎದ್ದವರ ಮಕ್ಕಳು ನನ್ನ ಬೆಂಚಿನಲ್ಲೇ ಕೂರುತ್ತಿದ್ದರು. ಅವರ ಬಗ್ಗೆ ನಿರ್ಣಯ ಬರೆಯೋಣ ಎಂದು ಮಾತ್ರ ಹೊಳೆಯಲಿಲ್ಲ.

ಶುಕ್ರವಾರ ಕುವೈತಿನಿಂದ ಭಾವನ ಫೋನು ಬರುವ ದಿನ. ಪಕ್ಕದ ಮನೆಯ ಜಗಲಿಯಲ್ಲಿ ಅಕ್ಕ ನಾಲ್ಕು ಗಂಟೆಗೇ ಹೋಗಿ ಕೂತಿದ್ದಳು. ಭಾವ ಅಲ್ಲಿ ಡ್ರೈವರ್. ಸೈರನ್ ಕೂಗಿದರೆ ಒಳಗೆ ಓಡಬೇಕು, ವಿಷದ ಗಾಳಿ ಬರಬಾರದೆಂದು ಕಿಟಕಿ ಸಂದಿಗೆಲ್ಲ ಟೇಪು ಹಚ್ಚಿದ್ದಾರೆ, ಒಂದು ಕೋಣೆಯಲ್ಲಿ ಆರು ಜನ ಎಂದ. ಅಕ್ಕನ ಕೈಯಿಂದ ರಿಸೀವರ್ ಕಸಿದುಕೊಂಡು ನಾನು ನಿರ್ಣಯ ಓದಿ ಹೇಳಿದೆ. ಈಗ ನೆನೆದರೆ ನಾಚಿಕೆ. ಅಲ್ಲಿ ನಿಮಿಷಕ್ಕೆ ದುಡ್ಡು ಹೋಗುತ್ತಿತ್ತು.

"ಹಾಂಗೆಲ್ಲ ಇಲ್ಲಿ ಹೇಳೂಕೆ ಆಗೂದಿಲ್ಲ ಮಾರಾಯಾ. 90ರಲ್ಲಿ ಸದ್ದಾಮ ಈ ಕುವೈತಿನವರ ಮನೆಗೇ ನುಗ್ಗಿದ್ದ. ನಮ್ಮ ಅರಬಿ ಧಣಿಯ ಅಣ್ಣ ಆಗ ಹೋದವ ಬರಲೇ ಇಲ್ಲ. ಅಮೆರಿಕ ಬಂದದ್ದು ಇವರಿಗೆ ಖುಷಿ."

90ರದ್ದು ನಮ್ಮೂರಿಗೂ ಗೊತ್ತಿದ್ದದ್ದೇ. ಆಗ ಕುವೈತ್ ಬಿಟ್ಟು ಬಂದ ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ವಿಮಾನದಲ್ಲಿ ಮುಂಬಯಿಗೆ ತಂದಿದ್ದರು. ನಮ್ಮ ಕೇರಿಗೆ ಮರಳಿದವನೊಬ್ಬನ ಕೈಯಲ್ಲಿ ಇದ್ದದ್ದು ನೀರಿನ ಕ್ಯಾನು ಮಾತ್ರ.

"ನಿಂಗಳ ನಿರ್ಣಯದಲ್ಲಿ ಇವರ ಸುದ್ದಿ ಉಂಟನಾ?" ಅಕ್ಕ ಕೇಳಿದಳು. ಇರಲಿಲ್ಲ.

ರಾತ್ರಿ 'ಉಗ್ರವಾಗಿ' ಹೊಡೆದು ಹಾಕಿದೆ. 'ಖಂಡಿಸುತ್ತದೆ' ಬಿಡಲಿಲ್ಲ, ಅರಬಿಯ ದುಃಖ ನಿಜವಾದರೂ ಬಾಗ್ದಾದಿನ ಮೇಲೆ ಬಾಂಬು ಸರಿ ಎನಿಸಲಿಲ್ಲ. ಕೊಲ್ಲಿಯಲ್ಲಿರುವ ನಮ್ಮವರನ್ನು ಕರೆತರಲು ಕೇಂದ್ರ ಈಗಲೇ ಸಿದ್ಧವಾಗಿರಬೇಕು ಎಂದು ಇನ್ನೊಂದು ಸಾಲು ಬರೆದೆ.

ಸಭಾಧ್ಯಕ್ಷರ ಕುರ್ಚಿಯಲ್ಲಿದ್ದ ರಾಜ್ಯಶಾಸ್ತ್ರದ ಸರ್, ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿ ತೆಗೆದರು. ವಿದೇಶ ವ್ಯವಹಾರ ಕೇಂದ್ರ ಪಟ್ಟಿಯ 10ನೇ ನಮೂದು, ಯುದ್ಧ ಮತ್ತು ಶಾಂತಿ 15ನೆಯದು, "ನಿಮಗೇನು ಕೆಲಸ?" ಕಾನೂನು ಮಾಡುವುದಿಲ್ಲ ಸರ್, ಒತ್ತಾಯ ಮಾಡುತ್ತೇವೆ ಎಂದೆ. ಅವರು ಕಾಯುತ್ತಿದ್ದದ್ದೂ ಅದೇ ಉತ್ತರಕ್ಕೆ. ಧ್ವನಿಮತ, ಮೇಜು ಕುಟ್ಟಿದ್ದು, ಆಮೇಲೆ ಅವಲಕ್ಕಿ ಚಾ.

ಏಪ್ರಿಲ್ 8ಕ್ಕೆ ಲೋಕಸಭೆಯೂ ನಿರ್ಣಯ ಮಾಡಿತು. ಹಿಂದಿಯಲ್ಲಿ 'ನಿಂದಾ' ಎಂದದ್ದನ್ನು ಸರಕಾರ ಇಂಗ್ಲಿಷಿನಲ್ಲಿ ಸ್ವಲ್ಪ ಮೆತ್ತಗಿನ 'ಡಿಪ್ಲೋರ್' ಎಂದಿತು. ವಿರೋಧ ಪಕ್ಷಕ್ಕೆ ನೇರ ಖಂಡನೆಯ 'ಕಂಡೆಮ್' ಬೇಕಿತ್ತು. ದೊಡ್ಡವರದ್ದೂ ನನ್ನ ನೋಟ್‌ಬುಕ್ಕಿನ ಹಾಳೆಯದೇ ಕತೆ. 2013ರಲ್ಲಿ ತಮಿಳುನಾಡು ವಿಧಾನಸಭೆ, ಅಲ್ಲಿನ ತಮಿಳರ ಮೇಲಿನ ದೌರ್ಜನ್ಯದ ಕಾರಣಕ್ಕೆ ಶ್ರೀಲಂಕಾವನ್ನು ಮಿತ್ರರಾಷ್ಟ್ರ ಎನ್ನಬೇಡಿ ಎಂದು ದೆಹಲಿಗೆ ಹೇಳಿದಾಗ, ಕೆಲವರು ಅದನ್ನು ಬರೀ ರಾಜಕೀಯ ಎಂದರು. ರಾಜಕೀಯ ಇದ್ದೇ ಇತ್ತು. ಆದರೂ ಫೋನು ಕಾಯುತ್ತ ಜಗಲಿಯಲ್ಲಿ ಕೂತವರು ಆ ಕರಾವಳಿಯಲ್ಲೂ ಇದ್ದಿರಬೇಕು.

ಮುಂದಿನ ಶುಕ್ರವಾರ ಭಾವನಿಗೆ ಎಲ್ಲ ವರದಿ ಒಪ್ಪಿಸಿದೆ. ಹೂಂ ಹೂಂ ಎಂದು ಕೇಳಿ, "ಅದಿರಲಿ, ಊರಿಂದ ಯಾರಾದ್ರೂ ಈಚೆ ಬರೂರು ಇದ್ರೆ ಸ್ವಲ್ಪ ಒಣ ಶೆಟ್ಲಿ ಮೀನು ಕಳಿಸೂಕೆ ಅಕ್ಕನತ್ರ ಹೇಳು" ಎಂದ.