ಮೂಲೆಯ ರೂಮು

ಜೂನ್ 11, 2025, ಬುಧವಾರ
ರಾತ್ರಿ 11:40

ಹಾಸ್ಟೆಲ್ ಫಾರ್ಮ್ ಕಳಿಸಲು ನಾಡಿದ್ದು ಸಂಜೆಯೇ ಕೊನೆ. ಹೆಸರು, ವಿಳಾಸ, ರಕ್ತದ ಗುಂಪು ಎಲ್ಲ ತುಂಬಿ ಮೂರು ದಿನವಾಯಿತು. 'ಯಾವ ರೂಮು ಬೇಕು' ಅನ್ನುವ ಸಾಲು ಮಾತ್ರ ಖಾಲಿ ಇದೆ.

ನನ್ನ ಮನಸ್ಸಿನಲ್ಲಿ ಮೊದಲಿಂದಲೂ ಒಂದೇ ರೂಮು. ಒಬ್ಬರೇ ಇರುವಂಥದ್ದು, ಮೂರನೇ ಮಹಡಿ, ಕಾರಿಡಾರಿನ ತುತ್ತತುದಿ. ಎರಡು ಕಡೆ ಕಿಟಕಿ. ನಕ್ಷೆಯನ್ನು ಎಷ್ಟು ಸಲ ನೋಡಿದ್ದೇನೆಂದರೆ, ಮಂಚ ಎಲ್ಲಿ ಮೇಜು ಎಲ್ಲಿ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಗೊತ್ತಿಲ್ಲದ ಒಬ್ಬರ ಪಕ್ಕ ಬಟ್ಟೆ ಮಡಿಸುವುದು, ಅಳು ಬಂದರೆ ತಡೆದುಕೊಳ್ಳುವುದು, ಯಾವುದೂ ಬೇಡ. ಬಾಗಿಲು ಹಾಕಿಕೊಂಡರೆ ಮುಗಿಯಿತು.

ಸಂಜೆ ಅಕ್ಕನಿಗೆ ತೋರಿಸಿದೆ. ಒಳ್ಳೇ ರೂಮು ಹುಡುಕಿದೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನಕ್ಷೆಯ ಮೇಲೆ ಬೆರಳಿಟ್ಟು, "ಮೆಟ್ಟಿಲು ಎಲ್ಲಿ?" ಅಂದಳು.

"ಆ ಕಡೆ ತುದೀಲಿ."

"ಬಾತ್‌ರೂಮು?"

"ಅದರ ಪಕ್ಕ."

"ಕುಡಿಯೋ ನೀರು?"

"ಅದೂ ಅಲ್ಲೇ."

"ಅಂದ್ರೆ ನಿನ್ನ ಬಾಗಿಲ ಮುಂದೆ ಯಾರೂ ಹಾದುಹೋಗಲ್ಲ."

"ಅದಕ್ಕೇ ಅಲ್ವಾ ಅದು ಬೇಕು ಅಂತಿರೋದು?"

ಅಕ್ಕನೂ ಮೊದಲ ವರ್ಷ ಇಂಥದ್ದೇ ರೂಮಿನಲ್ಲಿದ್ದಳು. ಆಗೆಲ್ಲ ಫೋನಿನಲ್ಲಿ 'ಚೆನ್ನಾಗಿದೆ, ಗಲಾಟೆ ಇಲ್ಲ' ಅನ್ನುತ್ತಿದ್ದಳು. ಅದನ್ನೇ ನೆಚ್ಚಿಕೊಂಡು ನಾನು ಆರಿಸಿದ್ದು. ಇವತ್ತು ಬೇರೆ ಹೇಳಿದಳು. ಒಂದು ಸಲ ಜ್ವರ ಬಂದು ಎರಡು ದಿನ ಮಲಗಿದ್ದಳಂತೆ. ಯಾರಿಗೂ ಗೊತ್ತಾಗಲಿಲ್ಲ. "ಯಾರೂ ಕೆಟ್ಟವರಲ್ಲ ಕಣೇ. ಅವರು ಓಡಾಡೋ ದಾರೀಲಿ ನಾನಿರಲಿಲ್ಲ, ಅಷ್ಟೇ." ಬಾಟಲಿಯಲ್ಲಿ ನೀರು ಮುಗಿದು, ಗೋಡೆ ಹಿಡಿದುಕೊಂಡು ನೀರಿನ ತನಕ ಹೋಗುವಾಗ ಬಾಗಿಲುಗಳನ್ನು ಎಣಿಸಿದಳಂತೆ. ಹದಿನಾಲ್ಕು. ಇವತ್ತಿಗೂ ಆ ಲೆಕ್ಕ ಅವಳಿಗೆ ನೆನಪಿದೆ.

ಆಗ ಯಾಕೆ ಹೇಳಲಿಲ್ಲ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಅಕ್ಕ ಓದಿದ್ದು ಮನಶ್ಶಾಸ್ತ್ರ. ಎರಡನೇ ವರ್ಷ ಕ್ಲಾಸಿನಲ್ಲಿ ಒಂದು ಪಾಠ ಕೇಳಿ ತಲೆ ತಗ್ಗಿಸಿ ಕೂತಿದ್ದಳಂತೆ. ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಜೊತೆಗಾರರು ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ, ಮದುವೆಯಾದ ವಿದ್ಯಾರ್ಥಿಗಳು ಇರುತ್ತಿದ್ದ ಮನೆಗಳಲ್ಲಿ ಮಾಡಿ, 1950ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಪಕ್ಕದ ಬಾಗಿಲಿನವರನ್ನು ನೂರಕ್ಕೆ 41 ಸಲ ಹತ್ತಿರದ ಸ್ನೇಹಿತರು ಅಂತ ಹೆಸರಿಸಿದ್ದರು. ಅದೇ ಮಹಡಿಯ ಆಚೆ ತುದಿಯವರನ್ನು 10 ಸಲ ಮಾತ್ರ. ಮೆಟ್ಟಿಲ ಹತ್ತಿರ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರು ಜಾಸ್ತಿ. ಗುಣ ಸ್ವಭಾವ ಎಲ್ಲ ಆಮೇಲೆ, ಮೊದಲು ಬಾಗಿಲು.

"ಹಾಗಾದ್ರೆ ಮೆಟ್ಟಿಲ ಪಕ್ಕದ್ದೇ ತಗೊಳ್ಳಲಾ?"

"ಅದೂ ಬೇಡ. ರಾತ್ರಿಯೆಲ್ಲ ದಡದಡ ಸದ್ದು, ನಿದ್ದೆ ಬರಲ್ಲ." ಉದ್ದ ಕಾರಿಡಾರೇ ಬೇಡ ಅನ್ನುವುದು ಅವಳ ಮಾತು. 1970ರ ದಶಕದಲ್ಲಿ ಬಾಮ್ ಮತ್ತು ವ್ಯಾಲಿನ್ಸ್ ಅನ್ನುವವರು ಹಾಸ್ಟೆಲ್‌ಗಳನ್ನೇ ನೋಡಿದ್ದರಂತೆ. ಒಬ್ಬೊಬ್ಬರಿಗೆ ಸಿಗುವ ಜಾಗ ಹೆಚ್ಚುಕಡಿಮೆ ಒಂದೇ ಇದ್ದರೂ, ಉದ್ದ ಕಾರಿಡಾರಿನವರಿಗೆ ಇಕ್ಕಟ್ಟು ಅನಿಸುತ್ತಿತ್ತು. ದಿನಾ ಅಷ್ಟೊಂದು ಮುಖ ಎದುರಾಗಿ ಅವರು ಜನರಿಂದಲೇ ದೂರ ಸರಿಯುತ್ತಿದ್ದರು. ನಾಲ್ಕಾರು ಜನರ ಸಣ್ಣ ಗುಂಪಿನಲ್ಲಿದ್ದವರಿಗೆ ಹಾಗಾಗಲಿಲ್ಲ. ನಮ್ಮ ಹಾಸ್ಟೆಲ್‌ನ ಹಿಂದಿನ ಕಟ್ಟಡದಲ್ಲಿ ಆರು ಜನಕ್ಕೆ ಒಂದು ಬಾತ್‌ರೂಮು. ರೂಮಿಗೆ ಇಬ್ಬರು. ಇಷ್ಟು ದಿನ ಆ ಪುಟವನ್ನು ನಾನು ಸರಿಯಾಗಿ ಓದಿಯೂ ಇರಲಿಲ್ಲ.

ಇಬ್ಬರ ರೂಮು ಅಂದರೆ ಇನ್ನೂ ಒಂದು ಪುಟ ತುಂಬಬೇಕು. ಎಷ್ಟು ಗಂಟೆಗೆ ಮಲಗುತ್ತೀರಿ? ಸದ್ದಿದ್ದರೆ ಓದಲು ಆಗುತ್ತದಾ? ರೂಮಿಗೆ ಬೇರೆಯವರು ಬಂದರೆ ಪರವಾಗಿಲ್ಲವಾ? ಅಮ್ಮ ಪಕ್ಕದಲ್ಲೇ ಕೂತು ಮೊದಲನೆಯದಕ್ಕೆ ಹತ್ತು ಗಂಟೆ ಅಂತ ಬರೆಸಿದಳು. ಹಾಗಿರಬೇಕು ಅಂತ ಅವಳಿಗೆ ಆಸೆ.

ಈಗ ಹನ್ನೆರಡಾಗುತ್ತಾ ಬಂತು. ಹತ್ತನ್ನು ಹೊಡೆದುಹಾಕಿ ಹನ್ನೆರಡೂವರೆ ಅಂತ ಬರೆದೆ. ನಿಜವಾಗಿಯೂ ಹತ್ತಕ್ಕೆ ಮಲಗುವ ಹುಡುಗಿಯೊಬ್ಬಳು ಎಲ್ಲೋ ಕೂತು ಇದೇ ಫಾರ್ಮ್ ತುಂಬುತ್ತಿರಬಹುದು. ನಾನು ಸುಳ್ಳು ಬರೆದರೆ ವರ್ಷವಿಡೀ ನಿದ್ದೆಗೆಡುವುದು ಅವಳು.

ಅಮ್ಮನಿಗೆ ಹೇಳಬೇಕು. ಬೆಳಿಗ್ಗೆ.

ಮುಂದಿನ ಪ್ರಶ್ನೆ: ಲೈಟ್ ಉರಿಯುತ್ತಿದ್ದರೆ ನಿಮಗೆ ನಿದ್ದೆ ಬರುತ್ತದಾ? ಪೆನ್ನು ಅಲ್ಲೇ ನಿಂತಿದೆ. ಪಕ್ಕದ ಮಂಚದಲ್ಲಿ ಅಕ್ಕ ಗೋಡೆ ಕಡೆ ತಿರುಗಿ, ಕಣ್ಣ ಮೇಲೆ ಮೊಣಕೈ ಅಡ್ಡ ಇಟ್ಟುಕೊಂಡು ಮಲಗಿದ್ದಾಳೆ. ಅವಳು ಯಾವಾಗಲೂ ಹಾಗೇ ಮಲಗುವುದು. ಅದು ಅವಳ ಅಭ್ಯಾಸ ಅಂತಲೇ ನಾನು ಇಷ್ಟು ವರ್ಷ ಅಂದುಕೊಂಡಿದ್ದು, ಆದರೆ ಹಾಸ್ಟೆಲ್‌ನಲ್ಲಿ ಒಬ್ಬಳೇ ಇದ್ದಾಗಲೂ ಅವಳು ಹೀಗೇ