ಗಡಿಯವರ ಕಿವಿ ಮತ್ತು ಹಲವು ಭಾಷೆಗಳ ಸಿನಿಮಾ

ಹಲವು ಭಾಷೆಗಳಲ್ಲಿ ದುಡಿದ ಕಲಾವಿದರ ಬಗ್ಗೆ ಬರುವ ಲೇಖನಗಳು ಬಹುಮಟ್ಟಿಗೆ ಒಂದು ಲೆಕ್ಕದಲ್ಲಿ ಮುಗಿದುಹೋಗುತ್ತವೆ. ಇಂಥವರು ಇಷ್ಟು ಭಾಷೆಗಳಲ್ಲಿ ಇಷ್ಟು ಚಿತ್ರ ಮಾಡಿದರು ಎಂಬ ಲೆಕ್ಕ ಅದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಅಡಿಕೆ ತೋಟದಲ್ಲಿ ತುಳು ಆಡಿಕೊಂಡು ಬೆಳೆದ ನಮ್ಮಂಥ ಕಾಸರಗೋಡಿನವರಿಗೆ ಆ ಲೆಕ್ಕ ಸಾಲುವುದಿಲ್ಲ. ಇನ್ನೊಂದು ಭಾಷೆಗೆ ಹೋದ ನಟ ಅಲ್ಲಿಗೆ ತನ್ನ ಮುಖವನ್ನು ಮಾತ್ರ ಒಯ್ದನೋ ಅಥವಾ ನಾಲಿಗೆಯನ್ನೂ ಒಯ್ದನೋ, ನಿರ್ದೇಶಕ ಆ ಊರಿನವರ ಮಾತಿಗೆ ಕಿವಿಗೊಟ್ಟನೋ ಇಲ್ಲವೋ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮ ಯಕ್ಷಗಾನ ಕಲಾವಿದರಿಗೆ ಇದು ಹೊಸ ಸಂಗತಿಯೇನಲ್ಲ. ಒಂದು ರಾತ್ರಿ ಕನ್ನಡದ ಪೌರಾಣಿಕ ಪ್ರಸಂಗದಲ್ಲಿ ಅರ್ಥ ಹೇಳಿದವರು ಇನ್ನೊಂದು ರಾತ್ರಿ ತುಳು ಪ್ರಸಂಗದಲ್ಲಿ ಅಷ್ಟೇ ಸಲೀಸಾಗಿ ಮಾತನಾಡಬೇಕಾಗುತ್ತದೆ. ಅರ್ಥಗಾರಿಕೆಯನ್ನು, ಅಂದರೆ ರಂಗದಲ್ಲೇ ಕಟ್ಟಿ ಆಡುವ ಮಾತನ್ನು, ಯಾರೂ ಬರೆದುಕೊಡುವುದಿಲ್ಲವಾದ್ದರಿಂದ, ಆ ಭಾಷೆಯಲ್ಲಿಯೇ ಯೋಚಿಸಲು ಬಾರದವನು ರಂಗಸ್ಥಳದಲ್ಲಿ ನಿಲ್ಲಲಾರ. ಸಿನಿಮಾದಲ್ಲಿ ಹಾಗಲ್ಲ, ಅಲ್ಲಿ ಮಾತನ್ನು ಬರೆದುಕೊಡುವವರಿದ್ದಾರೆ, ಬೇಕಾದರೆ ದನಿಯನ್ನು ಬೇರೆಯವರಿಂದ ಕೊಡಿಸುವ ಅನುಕೂಲವೂ ಇದೆ. ಆದ್ದರಿಂದಲೇ, ಆ ಅನುಕೂಲವಿದ್ದೂ ಭಾಷೆಯನ್ನು ಕಲಿತವರ ಮೇಲೆ ನನಗೆ ವಿಶೇಷ ಗೌರವ.

ಹಿಂದಿನ ನಿರ್ದೇಶಕರ ವಿಷಯದಲ್ಲಿ ನನಗೆ ಬಹಳ ಹಿಡಿಸುವ ಒಂದು ಸಂಗತಿಯಿದೆ. ಕನ್ನಡ ಕಾದಂಬರಿಗಳನ್ನು ತೆರೆಗೆ ತಂದು ಕನ್ನಡಿಗರ ಮನೆಮಾತಾದ ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ 'ಬೆಳ್ಳಿಮೋಡ' (1967) ಮಾಡುವುದಕ್ಕೆ ಮೊದಲೇ ಮಲಯಾಳದಲ್ಲಿ ನಿರ್ದೇಶಕರಾಗಿದ್ದರು. ತಮ್ಮ ಗುರು ಬಿ.ಆರ್. ಪಂತುಲು ಅವರು 1958ರಲ್ಲಿ ಕನ್ನಡದಲ್ಲಿ ಮಾಡಿದ್ದ 'ಸ್ಕೂಲ್ ಮಾಸ್ಟರ್' ಚಿತ್ರವನ್ನು 1964ರಲ್ಲಿ ಮಲಯಾಳಕ್ಕೆ ತಂದವರು ಅವರೇ. ತಮಿಳಿನವರಾದ ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ 'ಪಲ್ಲವಿ ಅನುಪಲ್ಲವಿ' (1983), ಎರಡನೆಯದು ಮಲಯಾಳದ್ದು, ತಮಿಳು ಬಂದದ್ದು ಆಮೇಲೆ. ಶ್ರೀಲಂಕಾದ ತಮಿಳರಾದ ಬಾಲು ಮಹೇಂದ್ರ ಅವರು ಮೊದಲು ನಿರ್ದೇಶಿಸಿದ್ದು ಕಮಲ ಹಾಸನ್ ಮತ್ತು ಶೋಭಾ ನಟಿಸಿದ ಕನ್ನಡದ 'ಕೋಕಿಲ' (1977). ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರಗಳು ಬಹುಕಾಲ ಮದರಾಸಿನ ಅವವೇ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದುದು, ಛಾಯಾಗ್ರಾಹಕರು, ಸಂಕಲನಕಾರರು ಮತ್ತು ಸಂಗೀತಗಾರರು ಭಾಷೆಯ ಗಡಿಯಿಲ್ಲದೆ ಕೆಲಸ ಮಾಡುತ್ತಿದ್ದುದು ಇದಕ್ಕೆ ಒಂದು ಕಾರಣ. ಅದೇ ಮಣಿರತ್ನಂ 'ಬಾಂಬೆ' (1995) ಚಿತ್ರದ ಹಾಡಿಗಾಗಿ ನಮ್ಮ ಬೇಕಲ ಕೋಟೆಗೆ ಬಂದರೆಂಬುದನ್ನು ಇಲ್ಲಿನ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಬೇಕಲಕ್ಕೆ ಬರುವ ಮೊದಲೇ ಅವರು ನಮ್ಮ ಎರಡು ಭಾಷೆಗಳಲ್ಲಿ ಚಿತ್ರ ಮಾಡಿದ್ದರೆಂಬುದನ್ನೂ ಅದರ ಜೊತೆಗೆ ಹೇಳಬೇಕು.

ಒಂದು ಚಿತ್ರ ಎರಡು ಭಾಷೆಗಳಲ್ಲಿ ತಯಾರಾಗುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಿಜವಾದ ದ್ವಿಭಾಷಾ ಚಿತ್ರದಲ್ಲಿ ದೂರದ ದೃಶ್ಯಗಳನ್ನು ಒಮ್ಮೆ ಮಾತ್ರ ತೆಗೆದರೂ ನಡೆದೀತು. ಮುಖ ತೆರೆಯ ತುಂಬ ಕಾಣುವ ಮಾತಿನ ದೃಶ್ಯಗಳನ್ನು ಅದೇ ಬೆಳಕಿನಲ್ಲಿ, ಅದೇ ಜಾಗದಲ್ಲಿ ಎರಡು ಬಾರಿ ತೆಗೆಯಬೇಕು. ಇದರಿಂದ ದಿನವೂ ಹೆಚ್ಚು, ಖರ್ಚೂ ಹೆಚ್ಚು. ಡಬ್ಬಿಂಗಿನಲ್ಲಾದರೋ ಚಿತ್ರ ಒಂದೇ, ದನಿ ಮಾತ್ರ ಬದಲು. ಪಕಾರ, ಬಕಾರ, ಮಕಾರಗಳನ್ನು ಉಚ್ಚರಿಸುವಾಗ ತುಟಿಗಳು ಮುಚ್ಚಿಕೊಳ್ಳುವುದರಿಂದ, ತೆರೆಯ ಮೇಲೆ ತುಟಿ ಮುಚ್ಚಿದ ಕ್ಷಣಕ್ಕೆ ಸರಿಯಾಗಿ ಅಂಥದೊಂದು ಅಕ್ಷರ ಬೀಳುವಂತೆ ಸಂಭಾಷಣೆಕಾರ ಮಾತನ್ನು ಹೊಂದಿಸಬೇಕಾಗುತ್ತದೆ. ಕನ್ನಡದ ಕ್ರಿಯಾಪದ ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬುದನ್ನೆಲ್ಲ ಹೊತ್ತುಕೊಂಡು ಉದ್ದವಾಗುತ್ತದೆ. ಮಲಯಾಳದ ಕ್ರಿಯಾಪದಕ್ಕೆ ಆ ಹೊರೆಯಿಲ್ಲದ ಕಾರಣ ಅದು ಬೇಗ ಮುಗಿಯುತ್ತದೆ. ಹೀಗಾಗಿ ಕನ್ನಡದ ತುಟಿಗೆ ಮಲಯಾಳ ತುಂಬುವಾಗ ಉಳಿದ ಜಾಗಕ್ಕೆ ಏನಾದರೊಂದನ್ನು ಸೇರಿಸಬೇಕಾಗುತ್ತದೆ. ಒಂದೇ ಭಾಷೆ ಬಲ್ಲ ಪ್ರೇಕ್ಷಕರಿಗೆ ಇದು ಅಷ್ಟಾಗಿ ತಿಳಿಯದು. ಎರಡನ್ನೂ ಬಲ್ಲವರಿಗೆ ತುಟಿಯಲ್ಲಿ ಒಂದು ಮಾತು, ಕಿವಿಯಲ್ಲಿ ಇನ್ನೊಂದು ಮಾತು ಒಟ್ಟಿಗೆ ಬಂದು, ಮನಸ್ಸು ಕಥೆಯಿಂದ ಹೊರಗೆ ಬಂದುಬಿಡುತ್ತದೆ.

ನಟರಲ್ಲಿ ಈ ದಾರಿಯನ್ನು ಗೌರವದಿಂದ ನಡೆದವರು ಅನೇಕರಿದ್ದಾರೆ. ತೆನಾಲಿಯಲ್ಲಿ ಹುಟ್ಟಿದ ಶಾರದಾ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಮೂರು ಬಾರಿ ಬಂದಿದೆ, ಅವುಗಳಲ್ಲಿ ಎರಡು ಮಲಯಾಳದ ಚಿತ್ರಗಳಿಗೆ. ಕೊಂಕಣಿ ಮನೆಮಾತಿನ ಅನಂತ್ ನಾಗ್ ಹಿಂದಿಯ 'ಅಂಕುರ್'ನಲ್ಲಿ ತೆಲಂಗಾಣದ ಜಮೀನುದಾರನ ಮಗನಾದರು, ಮಲಯಾಳದ 'ಸ್ವಾತಿ ತಿರುನಾಳ್' (1987) ಚಿತ್ರದಲ್ಲಿ ತಿರುವಾಂಕೂರಿನ ಅರಸನಾದರು, ಬಹಳ ಕಾಲದ ಬಳಿಕ ನಮ್ಮೂರಿನ ಕನ್ನಡ ಶಾಲೆಯ ಕಥೆ ಹೇಳಿದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' (2018) ಚಿತ್ರದಲ್ಲಿ ಶಾಲೆಯ ಪರವಾಗಿ ವಾದಿಸಲು ನಿಂತರು. ಪ್ರಕಾಶ್ ರಾಜ್ ಅವರು 2014ರಲ್ಲಿ, ಮಲಯಾಳದ 'ಸಾಲ್ಟ್ ಆ್ಯಂಡ್ ಪೆಪ್ಪರ್' ಕಥೆಯನ್ನು ಕನ್ನಡದಲ್ಲಿ 'ಒಗ್ಗರಣೆ' ಎಂಬ ಹೆಸರಿನಿಂದಲೂ ತೆಲುಗು, ತಮಿಳುಗಳಲ್ಲಿ ಬೇರೆ ಹೆಸರುಗಳಿಂದಲೂ ನಿರ್ದೇಶಿಸಿ ತಾವೇ ನಟಿಸಿದರು. ಮೂರರಲ್ಲೂ ಅವರ ಸ್ವಂತ ದನಿಯಲ್ಲೇ ಮಾತಾಡಬಲ್ಲ ಶಕ್ತಿ ಅವರಿಗಿರುವುದು ಸಣ್ಣ ಸಂಗತಿಯಲ್ಲ. ಮಂಗಳೂರು ಕಡೆಯವರಾದ ಅಭಯ ಸಿಂಹ ಅವರು ಮಮ್ಮುಟ್ಟಿಯವರನ್ನು ಕರೆತಂದು ಕನ್ನಡ ಮತ್ತು ಮಲಯಾಳಗಳಲ್ಲಿ 'ಶಿಕಾರಿ' (2012) ಮಾಡಿದ್ದನ್ನೂ ಇಲ್ಲಿ ನೆನೆಯಬೇಕು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಸೆನ್ನ ಹೆಗ್ಡೆಯವರ ಬಗ್ಗೆ. ಅವರು ನಮ್ಮ ಜಿಲ್ಲೆಯ ಕಾಞಂಗಾಡಿನವರು. 2018ರಲ್ಲಿ ದಿಗಂತ್ ನಾಯಕರಾಗಿದ್ದ 'ಕಥೆಯೊಂದು ಶುರುವಾಗಿದೆ' ಎಂಬ ಕನ್ನಡ ಚಿತ್ರವನ್ನು ನಿರ್ದೇಶಿಸಿದರು. ಅದರ ನಿರ್ಮಾಪಕರಲ್ಲಿ ರಕ್ಷಿತ್ ಶೆಟ್ಟಿಯವರೂ ಒಬ್ಬರು. ಮೂರು ವರ್ಷಗಳ ಬಳಿಕ ತಮ್ಮ ಊರಿಗೇ ಮರಳಿ, ಹೆಚ್ಚಾಗಿ ಹೊಸಬರನ್ನೇ ಹಾಕಿಕೊಂಡು ಮಲಯಾಳದಲ್ಲಿ 'ತಿಂಕಳಾಳ್ಚ ನಿಶ್ಚಯಂ' ಮಾಡಿದರು. ಅದಕ್ಕೆ ಮಲಯಾಳದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಮಗಳ ನಿಶ್ಚಿತಾರ್ಥ ನಡೆಸಲು ಹಟ ಹಿಡಿದ ತಂದೆ, ಮನಸ್ಸಿಲ್ಲದ ಮಗಳು, ಅಂಗಳದಲ್ಲಿ ಚಪ್ಪರ, ಹಿತ್ತಿಲಿನಲ್ಲಿ ಅಡುಗೆ, ಸಹಾಯಕ್ಕೆಂದು ಬಂದು ಒಂದೊಂದು ಮಾತು ಆಡಿ ಹೋಗುವ ನೆರೆಹೊರೆಯವರು. ಕಥೆ ಇಷ್ಟೇ. ಅದರಲ್ಲಿ ಕೇಳಿಸುವ ಮಲಯಾಳ ತಿರುವನಂತಪುರದ್ದೂ ಅಲ್ಲ, ಕೊಚ್ಚಿಯದ್ದೂ ಅಲ್ಲ. ನಾನು ದಿನವೂ ಬಸ್ಸಿನಲ್ಲಿ, ಮೀನಿನ ಮಾರುಕಟ್ಟೆಯಲ್ಲಿ ಕೇಳುವ ಬಡಗಿನ ಮಲಯಾಳ. ಕೇರಳದ ತೆಂಕಣದವರಿಗೇ ಕಷ್ಟವೆನಿಸುವ ಆ ಮಾತು ನನಗೆ ಮೊದಲ ಸಲಕ್ಕೇ ಹೃದಯಕ್ಕೆ ತಟ್ಟಿತು. ಕನ್ನಡದಲ್ಲಿ ಚಿತ್ರ ಮಾಡಿಬಂದ ಒಬ್ಬರು ತಮ್ಮ ಊರಿನ ನುಡಿಯನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಎರಡು ಭಾಷೆಗಳ ನಡುವೆ ಬದುಕುವವರಿಗೆ ಯಾವ ಮಾತು ಯಾರ ಬಾಯಲ್ಲಿ ಹೇಗೆ ಹೊರಳುತ್ತದೆಂಬ ಎಚ್ಚರ ಸದಾ ಇರುತ್ತದೆ. 'ನ್ನಾ ತಾನ್ ಕೇಸ್ ಕೊಡು' (2022) ಚಿತ್ರಕ್ಕಾಗಿ ಆಲಪ್ಪುಳದ ಕುಂಚಾಕೊ ಬೋಬನ್ ಇದೇ ಕಾಸರಗೋಡಿನ ಮಲಯಾಳವನ್ನು ಕಲಿತು ಆಡಿದರು. ಅದೂ ಇನ್ನೊಂದು ಭಾಷೆಗೆ ಹೋದಷ್ಟೇ ದೊಡ್ಡ ಕೆಲಸ.

ಜಿಲ್ಲೆಯ ಇನ್ನೊಂದು ತುದಿಯಿಂದ, ಮಂಜೇಶ್ವರದ ತೂಮಿನಾಡಿನಿಂದ, ಜೆ.ಪಿ. ತೂಮಿನಾಡು ಬಂದರು. ತುಳು ನಾಟಕ ಮತ್ತು ಸಿನಿಮಾಗಳಲ್ಲಿ ಪಳಗಿದ ಅವರು 2025ರ ಜುಲೈಯಲ್ಲಿ ಕನ್ನಡದ 'ಸು ಫ್ರಮ್ ಸೋ' ಚಿತ್ರವನ್ನು ತೆರೆಗೆ ತಂದರು. ಕರಾವಳಿಯ ಕನ್ನಡ, ತುಳುವಿನ ರಾಗದಲ್ಲಿ ಸಾಗುವ ಅದರ ವಾಕ್ಯಗಳು, ಊರವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುವ ರೀತಿ ಎಲ್ಲವೂ ನಮ್ಮ ಅಂಗಳದ್ದೇ. ಕೆಲವೇ ದಿನಗಳಲ್ಲಿ ಅದು ಮಲಯಾಳದ ಡಬ್ಬಿಂಗಿನೊಂದಿಗೆ ಕೇರಳಕ್ಕೂ ಬಂತು. ಬಂದದ್ದು ಸಂತೋಷ. ಆದರೆ ತೂಮಿನಾಡಿನಂಥ ಊರುಗಳಿರುವ ಜಿಲ್ಲೆಗೇ ಆ ಚಿತ್ರ ಮಲಯಾಳದ ದನಿಯಲ್ಲಿ ಬರುವುದಾದರೆ, ಅದರ ಅರ್ಧ ಸೊಗಸು ದಾರಿಯಲ್ಲೇ ಸೋರಿಹೋಯಿತೆಂದೇ ನನ್ನ ಭಾವನೆ. 'ಕಾಂತಾರ'ಕ್ಕೂ (2022) ಇದೇ ಮಾತು ಸಲ್ಲುತ್ತದೆ. ಪೃಥ್ವಿರಾಜ್ ಅವರ ಸಂಸ್ಥೆ ಅದನ್ನು ಮಲಯಾಳದಲ್ಲಿ ಕೇರಳಕ್ಕೆ ತಂದು ಬಹಳ ಜನರಿಗೆ ತಲುಪಿಸಿತು. ಭೂತಕೋಲವನ್ನೂ ಅದನ್ನೇ ಹೋಲುವ ಬಡಗು ಕೇರಳದ ತೆಯ್ಯವನ್ನೂ ಜೊತೆಜೊತೆಯಾಗಿ ಬಲ್ಲ ನಮ್ಮ ಜನರಿಗೆ ಮಾತ್ರ ಆ ಕಥೆ ಮೂಲದ ದನಿಯಲ್ಲೇ ಬೇಕಿತ್ತು.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. 2011ರಲ್ಲಿ ಕೇರಳದ ಸುವೀರನ್ ಅವರು, ನಮ್ಮ ಜಿಲ್ಲೆಯಲ್ಲೂ ದಕ್ಷಿಣ ಕನ್ನಡದಲ್ಲೂ ಆಡುವ ಬ್ಯಾರಿ ಭಾಷೆಯಲ್ಲಿ 'ಬ್ಯಾರಿ' ಚಿತ್ರ ಮಾಡಿದರು. ಮಲಯಾಳದ ನಟಿ ಮಲ್ಲಿಕಾ ಅದರಲ್ಲಿ ಬ್ಯಾರಿ ಹೆಣ್ಣಾದರು. ಅದು ಮರಾಠಿಯ 'ದೇವೂಳ್' ಜೊತೆ ವರ್ಷದ ಶ್ರೇಷ್ಠ ಚಿತ್ರವೆಂಬ ಸ್ವರ್ಣಕಮಲವನ್ನು ಹಂಚಿಕೊಂಡಿತು. ಬ್ಯಾರಿ ತಿಳಿಯದವರೆಲ್ಲ ಅದನ್ನು ಉಪಶೀರ್ಷಿಕೆ ಓದಿಕೊಂಡೇ ನೋಡಬೇಕಾಯಿತು. ಹಾಗಿರುವಾಗ ಕನ್ನಡ ಚಿತ್ರಗಳನ್ನು ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಗಳಿಗೆ ಕನ್ನಡದಲ್ಲೇ ತಂದು, ಕೆಳಗೆ ಮಲಯಾಳದ ಉಪಶೀರ್ಷಿಕೆ ಹಾಕುವುದು ಅಸಾಧ್ಯವೇನಲ್ಲ. ಮೂಲಪ್ರತಿ ಬೇಕೆಂದರೆ ನಾವು ಈಗ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಊರಿನ ಚಿತ್ರಮಂದಿರಕ್ಕೆ ದಿನಕ್ಕೊಂದು ಪ್ರದರ್ಶನವಾದರೂ ಹಾಗೆ ಬಂದರೆ ಇಲ್ಲಿನ ಮಲಯಾಳಿ ನೆರೆಯವರೂ ನಮ್ಮೊಡನೆ ಕುಳಿತು ನೋಡುತ್ತಾರೆಂಬ ನಂಬಿಕೆ ನನಗಿದೆ. ಚಿತ್ರ ಹಂಚುವವರು ಒಂದು ಚಿತ್ರದಿಂದಲಾದರೂ ಇದನ್ನು ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.